ಕಪ್ಪು ರಟ್ಟು ಸರಿಸಿದವರು

ಅವರ ಮೊಣಕೈವರೆಗೂ ಉಪ್ಪು ಬಿಳಿಯಾಗಿ ಒಣಗಿರುತ್ತಿತ್ತು. ದಾವಣಗೆರೆಯಲ್ಲಿ ಕೂತು ಸಮುದ್ರದ ನೀರು ಕಲಸುವವರು ಅವರೊಬ್ಬರೇ ಇದ್ದಿರಬೇಕು. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್ ಅವರು. ಹರಿಹರದಿಂದ ಮೊದಲ ಬಸ್ಸಿಗೆ ಬಂದು, ಬಕೆಟ್ಟಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿ, "ಇನ್ನೊಂದು ಹಿಡಿ ಬೇಕ್ರಿ" ಎನ್ನುವರು. ಉಪ್ಪಿನಂಶ ಅಳೆಯುವ ನನ್ನ ಮೀಟರೂ ಅದನ್ನೇ ಹೇಳುತ್ತಿತ್ತು. ನನಗೆ ಅದಕ್ಕೆ ಸ್ವಲ್ಪ ಸಿಟ್ಟೂ ಬರುತ್ತಿತ್ತು.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಹೆಬ್ಬೆರಳುದ್ದದ ಸಮುದ್ರದ ಮೀನುಗಳು ಗುಂಪಿನಲ್ಲಿದ್ದಾಗ ನಿರಾಳವಾಗಿ ಉಸಿರಾಡುತ್ತವೆ, ಒಂಟಿಯಾದರೆ ಸುಮ್ಮನಿದ್ದರೂ ಹೆಚ್ಚು ಆಮ್ಲಜನಕ ಬಳಸುತ್ತವೆ ಎಂದು ಅಳೆದು ತೋರಿಸಬೇಕಿತ್ತು. ಗುಂಪಿನ ಜಾಡಿಗೂ ಒಂಟಿ ಮೀನಿನ ಜಾಡಿಗೂ ನಡುವೆ, ಒಂದಕ್ಕೊಂದು ಕಾಣದಂತೆ, ಒಂದು ಕಪ್ಪು ರಟ್ಟು. ನಾನು ಬರುವ ಮುನ್ನವೇ ಉಪಕರಣ ತಾನಾಗಿ ರೀಡಿಂಗ್ ಬರೆದುಕೊಳ್ಳುತ್ತಿತ್ತು.

ಒಂದು ವಾರ ಒಂಟಿ ಮೀನಿನ ರೀಡಿಂಗ್ ಇದ್ದಕ್ಕಿದ್ದಂತೆ ಇಳಿಯಿತು. ಉಪಕರಣ ಕೆಟ್ಟಿತೆಂದು ಒದ್ದಾಡಿದೆ. ಕೊನೆಗೊಂದು ಬೆಳಿಗ್ಗೆ ಬೇಗ ಹೋದರೆ ರಟ್ಟು ಗೋಡೆಗೆ ಒರಗಿದೆ, ಪಕ್ಕದಲ್ಲಿ ಇವರು.

"ಒಂದೇ ಇದ್ರೆ ದಮ್ಮು ಹತ್ತತೈತ್ರಿ ಮೇಡಂ ಅದಕ್ಕೆ. ಬಾಜೂನವು ಕಂಡ್ರೆ ಸಾಕು, ಆರಾಮಾಗತೈತೆ. ನೀವು ಬರೋಹೊತ್ತಿಗೆ ಮತ್ತೆ ಇಡ್ತಿದ್ದೆ."

ವಿದ್ಯಾರ್ಥಿಗಳು ಒಳಬರುತ್ತಿರುವುದನ್ನೂ ನೋಡದೆ ಬೈದೆ. ಅಪ್ಪನ ವಯಸ್ಸಿನವರಿಗೆ "ತಲೆ ಇದೆಯೇನ್ರೀ" ಎಂದೆ. ಲ್ಯಾಬಿನ ಬೀಗದ ಕೈ ಕಿತ್ತುಕೊಂಡೆ. ಅವರು ರಟ್ಟನ್ನು ಒರೆಸಿ, ಮೊದಲಿದ್ದಲ್ಲೇ ನಿಲ್ಲಿಸಿ, "ತಪ್ಪಾತ್ರಿ" ಎಂದು ಹೊರಗೆ ಹೋದರು.

ಕೆಟ್ಟವೆಂದುಕೊಂಡ ರೀಡಿಂಗುಗಳನ್ನು ಎಸೆಯುವ ಮುಂಚೆ ಇನ್ನೊಮ್ಮೆ ನೋಡಿದೆ. ಅವರು ಹೇಳಿದ್ದು ನಿಜ. ಜೊತೆಯವು ಕಣ್ಣಿಗೆ ಬಿದ್ದರೆ ಸಾಕು, ಒಂಟಿ ಮೀನಿನ ಉಸಿರು ಇಳಿಯುತ್ತಿತ್ತು. ಅದನ್ನೇ ಕ್ರಮವಾಗಿ ಮತ್ತೆ ಮಾಡಿದೆ. ನನ್ನ ಪ್ರಬಂಧದಲ್ಲಿ ಪರೀಕ್ಷಕರು ಮೆಚ್ಚಿದ ಅಧ್ಯಾಯ ಅದೊಂದೇ. ಕೃತಜ್ಞತೆಯ ಪುಟದಲ್ಲಿ ಕೆ.ಬಿ. ಬಡಾವಣೆಯ ಜೆರಾಕ್ಸ್ ಅಂಗಡಿಯವನಿದ್ದಾನೆ, ಇವರಿಲ್ಲ. ಇವರ ಹೆಸರು ಬರೆದರೆ ಬೈದದ್ದನ್ನೂ ಬರೆಯಬೇಕಿತ್ತಲ್ಲ. ನಾನು ಹೇಡಿ. ಬೀಗದ ಕೈಯನ್ನೂ ಮರಳಿಸಲಿಲ್ಲ.

ನನಗೆ ಪದವಿ ಬಂದ ದಿನ ಅವರು ಕೇಳಿದ್ದು ಒಂದೇ: "ಮೇಡಂ, ಆ ರಟ್ಟು ಈಗ ತೆಗೀಬೌದಾ?"

ಹೋದ ವರ್ಷ ತೀರಿಕೊಂಡರು. ಎಲ್ಲ ಹೇಳಿಬಿಡಬೇಕೆಂದೇ ಹರಿಹರದ ಅವರ ಮನೆಗೆ ಹೋದೆ. ಅವರ ಹೆಂಡತಿ ಟೀ ಕೊಟ್ಟು, ಮಗಳಿಗೆ ನನ್ನನ್ನು ತೋರಿಸಿದರು. "ಇವ್ರೇ ಬೇಟಿ. ಜೊತಿಗಿರೋವು ಕಂಡ್ರೆ ಸಾಕು, ಮೀನು ಆರಾಮಿರತಾವು ಅಂತ ಕಂಡುಹಿಡಿದೋರು. ನಿಮ್ಮಪ್ಪ ಬಸ್ಸಿನಾಗ ಎಲ್ಲಾರಿಗೂ ಹೇಳ್ತಿದ್ರು."

ನಾನಲ್ಲ, ಅವರೇ ಎನ್ನಬೇಕಿತ್ತು. ಟೀ ಚೆನ್ನಾಗಿದೆ ಎಂದೆ.