ಸೆರಗಿದ್ದ ಆಸ್ಪತ್ರೆ ಅಂಗಿ

ಇವತ್ತು ಮುಂಜಾನೆ ಅಪ್ಪ ತನ್ನ ಧೋತರವೊಂದನ್ನು ತಂದು ನನ್ನ ಹೊಲಿಗೆ ಮಷೀನಿನ ಮೇಲಿಟ್ಟು, ಕಿಟಕಿಯಾಚೆ ನೋಡುತ್ತ ನಿಂತ. ಅದರಲ್ಲಿನ್ನೂ ಬಿಸಿಲಿನ ವಾಸನೆಯಿತ್ತು. ಸೋಮವಾರ ಅವನಿಗೆ ಹರ್ನಿಯಾ ಆಪರೇಷನ್. ಏನು ಬೇಕೆಂದು ನನಗೆ ತಿಳಿಯಿತು. ನಿಮಗೆ ತಿಳಿಯಬೇಕಾದರೆ ನಮ್ಮ ಚಿಗವ್ವನ ಕತೆ ಹೇಳಬೇಕು.

ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ. ಅಣ್ಣಿಗೇರಿಯ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅಪ್ಪನೆದುರು ತಲೆಯ ಮೇಲಿನ ಸೆರಗು ಇಳಿಸಿದವಳಲ್ಲ, ಒಂದು ಮಾತು ಆಡಿದವಳಲ್ಲ. ಗಂಡನ ಅಣ್ಣನೊಡನೆ ಮಾತಾಡುವುದು ರೀತಿಯಲ್ಲ. "ಚಾ ಆರತೈತಿ ಅಂತ ಹೇಳು" ಎಂದು ಅವಳು ನನಗೆ ಹೇಳುವುದು, "ಕುಡೀತೀನಿ ಅಂತ ಹೇಳು" ಎಂದು ಅವನು ಹೇಳುವುದು. ಒಂದೇ ಪಡಸಾಲೆಯಲ್ಲಿ ಕೂತವರ ನಡುವೆ ನಾನೇ ಟಪಾಲು. ನಾನಿಲ್ಲದಿದ್ದರೆ ಈ ಮನೆಯ ಚಹಾ ಎಲ್ಲ ಆರಿಹೋಗುತ್ತದೆಂಬ ಜಂಬವೂ ನನಗಿತ್ತೆನ್ನಿ.

ಅಂಥವಳಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆಗಿ, ಮೈಮೇಲೆ ಹಸಿರು ಅಂಗಿ ಬಂತು. ಮುಂದೆ ಮುಚ್ಚಿಗೆ, ಹಿಂದೆ ಬಟ್ಟಬಯಲು. ಮರುದಿನ ಡಾಕ್ಟರು, "ಎದ್ದು ಅಡ್ಡಾಡ್ರೆಮ್ಮಾ, ಇಲ್ಲಂದ್ರ ಎದಿಯೊಳಗ ಕಫ ಕಟ್ಟತೈತಿ" ಎಂದರು. ಚಿಗವ್ವ ಏಳಲಿಲ್ಲ. ಅವಳ ಕೈ ಮತ್ತೆ ಮತ್ತೆ ಹೆಗಲಿಗೆ ಹೋಗಿ, ಸೆರಗು ಸಿಗದೆ ಮರಳುತ್ತಿತ್ತು. ಅಪ್ಪ ನೋಡಲು ಬಂದಾಗ ಚಾದರವನ್ನೇ ತಲೆಗೆ ಎಳೆದುಕೊಂಡಳು. ಕಾಲು ಮೊಣಕಾಲತನಕ ಬಯಲಾಯಿತು. ಅಪ್ಪ ತಟ್ಟನೆ ತಿರುಗಿ ಗೋಡೆಗೇ, "ಅಡ್ಡಾಡಬೇಕಂತ ಹೇಳು ಆಕಿಗೆ" ಎಂದ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಸತ್ರ ಸಾಯ್ತೀನಿ ಬಿಡ ಯವ್ವಾ, ಹಿಂಗ ಮಂದಿ ಮುಂದ ಹಾಯಲಾರೆ" ಎಂದಳು ಚಿಗವ್ವ. ಆಗಲೇ ಮೈ ಬೆಚ್ಚಗಾಗಿ ಕೆಮ್ಮು ಶುರುವಾಗಿತ್ತು. ನನ್ನ ಜೀವ ಹೆದರಿತು.

ಊರಿಗೆ ಓಡಿಬಂದು, ಒಗೆದೊಗೆದು ಮೆತ್ತಗಾಗಿದ್ದ ಅವಳ ಇಳಕಲ್ ಸೀರೆಯನ್ನು ಕತ್ತರಿಸಿದೆ. ಹಸುಗೂಸಿನ ಕುಬಸದಂತೆ ಬಗಲಲ್ಲಿ ಕಟ್ಟುವ ಲಾಡಿಯಂಥ ಕಸಿ, ಸಲಾಯಿನ್ ಸೂಜಿಗೆಂದು ತೋಳಿಗೆ ಟಿಚ್ ಬಟನ್. ಅವಸರದಲ್ಲಿ ಒಂದು ತೋಳಿನ ಬಾಯನ್ನೇ ಹೊಲಿದುಬಿಟ್ಟೆ, ಬೈದುಕೊಳ್ಳುತ್ತ ಬಿಚ್ಚಿದೆ. ಕೊನೆಗೆ ಆ ಸೀರೆಯ ಕೆಂಪು ಸೆರಗನ್ನು ಹೆಗಲಿಗೆ ಜೋಡಿಸಿದೆ. "ಇದ್ಯಾವ ಫ್ಯಾಷನ್ರಿ?" ಎಂದು ನಕ್ಕ ನರ್ಸಬಾಯಿ ತಾನೇ ತೊಡಿಸಿದಳು. ಚಿಗವ್ವನ ಕೈ ಹೆಗಲಿಗೆ ಹೋಯಿತು. ಸೆರಗು ಸಿಕ್ಕಿತು. ತಲೆಗೆ ಹೊದ್ದು ಮೆಲ್ಲಗೆ ಎದ್ದು, ವಾರ್ಡಿನ ಬಾಗಿಲು ದಾಟಿ ನಡೆದಳು.

ಅದೇ ಚಿಗವ್ವ ಈಗ ನನ್ನ ಮಗ್ಗುಲಲ್ಲಿ ಕೂತು ಧೋತರದ ಅಂಚು ಮಡಚುತ್ತಿದ್ದಾಳೆ. ಅಪ್ಪ ಇನ್ನೂ ಕಿಟಕಿಯ ಸರಳು ಹಿಡಿದೇ ನಿಂತಿದ್ದಾನೆ. ಆ ಹಸಿರು ಅಂಗಿಯೊಳಗಿನ ನಾಚಿಕೆ ಗೊತ್ತಿದ್ದವಳು ಈ ಮನೆಯಲ್ಲಿ ಚಿಗವ್ವ ಒಬ್ಬಳೇ. ಎಂದಿನಂತೆ "ಕೇಳು ಅವರನ್ನ" ಎನ್ನುತ್ತಾಳೆಂದು ನಾನು ಟಪಾಲಿಗೆ ಸಿದ್ಧಳಾದೆ.

ಅವಳು ಸೆರಗು ಸರಿಮಾಡಿಕೊಂಡು, "ಭಾವಾರ, ಉದ್ದ ಎಷ್ಟು ಇಡೂಣ್ರಿ?" ಅಂದಳು.

ಅಪ್ಪ ತಿರುಗಿದ. ಗೋಡೆಯ ಕಡೆಗಲ್ಲ, ಅವಳ ಕಡೆಗೆ.

"ಮೊಣಕಾಲ ಮುಚ್ಚಿದ್ರ ಸಾಕವಾ. ಕಸಿ ಬಿಗಿ ಇರ್ಲಿ."

"ನಾನ ಹಚ್ಚತೀನ್ರಿ. ಬಿಚ್ಚಂಗಿಲ್ಲ."

ಇಷ್ಟು ವರ್ಷದ ನನ್ನ ನೌಕರಿ ಒಂದೇ ಗಳಿಗೆಯಲ್ಲಿ ಹೋಯಿತು. ಸುಮ್ಮನೆ ಸೂಜಿಗೆ ದಾರ ಪೋಣಿಸಹೋದೆ. ಕಣ್ಣು ತುಂಬಿ ತೂತೇ ಕಾಣಲಿಲ್ಲ.