ಸೈಡ್‌ವಿಂಗಿನ ಸ್ಟೂಲು ಮತ್ತು ಮೂಕಿ ಚಿತ್ರಗಳು

ನಮ್ಮ ಅಜ್ಜಂಪುರದಲ್ಲಿ ಒಬ್ಬ ಮನುಷ್ಯನನ್ನು ಕೆಲಸದಿಂದ ಬಿಡಿಸಬೇಕಾದರೆ ಬೈಯುವುದಿಲ್ಲ, ನೋಟೀಸು ಕೊಡುವುದಿಲ್ಲ. ಶಾಲು ಹೊದಿಸುತ್ತಾರೆ. ಹಾರ, ಹಣ್ಣಿನ ಬುಟ್ಟಿ, ತಲೆಗೆ ಹೊಂದದ ಪೇಟ, ಆಮೇಲೆ ಎರಡು ಮಾತು. ಆ ಮಾತಿನಲ್ಲಿ 'ಇನ್ನು ಮುಂದೆಯೂ ಅವರ ಮಾರ್ಗದರ್ಶನ ನಮಗಿರಲಿ' ಎಂಬ ವಾಕ್ಯ ಬಂತೆಂದರೆ, ನಾಳೆಯಿಂದ ಬರಬೇಡಿ ಎಂದು ಅರ್ಥ. ಹೋದ ವರ್ಷ ನನಗೆ ಹಾಗೆ ಹೊದಿಸಿದರು. ಹೊದಿಸಿದ್ದು ನಮ್ಮೂರಿನ ಹವ್ಯಾಸಿ ನಾಟಕ ತಂಡ. ಹೊದ್ದವನು ಆ ತಂಡದ ಪ್ರಾಂಪ್ಟರ್; ಎಂದರೆ ರಂಗದ ಪಕ್ಕದ ಸೈಡ್‌ವಿಂಗಿನ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮರೆತ ಪಾತ್ರಧಾರಿಗೆ ಮೆಲ್ಲಗೆ ಮಾತು ಕೊಡುವವನು. ಕಾರಣ ನನ್ನ ಕಿವಿ.

ಕಿವಿಯ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ತರೀಕೆರೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ದಿನವೂ ಅದು ನಿಯತ್ತಾಗಿ ದುಡಿಯಿತು. ನಾನು ನಿವೃತ್ತನಾದ ಮೇಲೆ ತನಗೂ ನಿವೃತ್ತಿ ಬೇಕೆಂದಿತು. ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ, ಇಲ್ಲವೇ ಬಲಗಿವಿಯ ಪಕ್ಕಕ್ಕೇ ಬಂದು ಹೇಳಿದರೆ ಕೇಳಿಸುತ್ತದೆ. ಮಿಕ್ಕಿದ್ದೆಲ್ಲ ದೂರದ ಅಕ್ಕಿ ಗಿರಣಿಯ ಸದ್ದು. ಇದನ್ನು ಯಾರಿಗೂ ಹೇಳದೆ ಒಂದು ನಾಟಕ ನಡೆಸಿಕೊಟ್ಟೆ. ಅದರಲ್ಲಿ ನಾಯಕ ತನ್ನ ಕೊನೆಯ ಮಾತು ಹೇಳಿ ಪ್ರಾಣ ಬಿಟ್ಟಿದ್ದ. ನನಗೆ ಕೇಳಿಸಿರಲಿಲ್ಲ. ಮರೆತು ಮಲಗಿದ್ದಾನೆಂದುಕೊಂಡು ಅದೇ ಮಾತು ಕೊಟ್ಟೆ. ವಿಧೇಯ ಹುಡುಗ, ಎದ್ದು ಕೂತು ಮತ್ತೊಮ್ಮೆ ಹೇಳಿ ಮತ್ತೊಮ್ಮೆ ಸತ್ತ. ಜನ 'ಒನ್ಸ್ ಮೋರ್' ಎಂದರು. ಮುಂದಿನ ತಿಂಗಳು ಶಾಲು ಬಂತು.

ಕಡೂರಿನಲ್ಲಿರುವ ಮಗಳು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಿವಿಗೊಂದು ಮೆಷಿನ್ ಹಾಕಿಸಿದಳು. ಅದು ಅದ್ಭುತವಾದ ಯಂತ್ರ. ಅದರಲ್ಲಿ ಫ್ಯಾನು ಕೇಳಿಸಿತು, ಪಕ್ಕದ ಮನೆಯ ಮಿಕ್ಸಿ ಕೇಳಿಸಿತು, ನಾನು ಚಕ್ಕುಲಿ ಅಗಿಯುವುದು ಬಂಡೆ ಒಡೆದಂತೆ ಕೇಳಿಸಿತು. ಮನುಷ್ಯರ ಮಾತೊಂದನ್ನು ಬಿಟ್ಟು ಈ ಜಗತ್ತಿನ ಯಾವ ಸದ್ದಿಗೂ ಅದು ಅನ್ಯಾಯ ಮಾಡಲಿಲ್ಲ. ಈಗ ಡಬ್ಬಿಯಲ್ಲಿದೆ.

ಮೂಕಿ ಚಿತ್ರ ನನ್ನ ಪಾಲಿಗೆ ಬಂದದ್ದು ಆ ಮಗಳ ಮನೆಯಲ್ಲೇ. ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿದ್ದಾಗ ಟಿವಿಯ ರಿಮೋಟಿನಲ್ಲಿ ಏನನ್ನೋ ಒತ್ತಿದೆ. ಕಪ್ಪು ಬಿಳುಪಿನ ಜನ ಓಡಾಡತೊಡಗಿದರು. ಬಾಯಿ ಅಲುಗುತ್ತಿತ್ತು, ಮಾತಿಲ್ಲ. ಸೌಂಡ್ ಏರಿಸಿದೆ, ಮತ್ತೂ ಏರಿಸಿದೆ, ಕೊನೆಯವರೆಗೂ ಏರಿಸಿದೆ. ನಿಶ್ಶಬ್ದ. ಆಯಿತು, ಉಳಿದಿದ್ದೂ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಚಿತ್ರದ ನಡುವೆ ಬನಿಯನ್ ಜಾಹೀರಾತು ಬಂತು. ಕಡೂರಿನ ಆ ಬೀದಿಯ ಜನ ಆ ಬನಿಯನ್ನಿನ ಗುಣಗಳನ್ನು ಇನ್ನೂ ಮರೆತಿರಲಾರರು.

ಮಗಳು ಸೌಟು ಹಿಡಿದೇ ಓಡಿಬಂದಳು. "ಅಪ್ಪಾ! ಅದು ಮೂಕಿ ಚಿತ್ರ ಕಣಪ್ಪ, ಹಳೇ ಕಾಲದ್ದು. ಅದ್ರಲ್ಲಿ ಮಾತೇ ಇರಲ್ಲ!"

"ಯಾರಿಗೂ ಕೇಳ್ಸಲ್ವಾ?"

"ಯಾರಿಗೂ ಕೇಳ್ಸಲ್ಲ."

ಈ ಎರಡು ಪದಗಳನ್ನು ನಾನು ಶಾಸನದ ಹಾಗೆ ಮನಸ್ಸಿನಲ್ಲಿ ಕೆತ್ತಿಕೊಂಡು ಅಜ್ಜಂಪುರಕ್ಕೆ ವಾಪಸಾದೆ. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ದಿನವೂ ಒಂದು ಮೂಕಿ ಚಿತ್ರ.

ಮೊದಮೊದಲು ತಿರಸ್ಕಾರದಿಂದಲೇ ನೋಡಿದೆ. ಎಲ್ಲರೂ ಬೀರೂರಿನಲ್ಲಿ ರೈಲು ತಪ್ಪಿಹೋಗುತ್ತದೆ ಎಂಬಂತೆ ನಡೆಯುತ್ತಾರೆ. ಗಂಡಸರ ಕಣ್ಣಿಗೂ ಕಾಡಿಗೆ. ದುಃಖವಾದರೆ ಎದೆಯ ಮೇಲೆ ಕೈ. ಸಂತೋಷವಾದರೂ ಅದೇ ಎದೆ, ಅದೇ ಕೈ. ಖಳನಾಯಕ ಬಾಗಿಲಲ್ಲಿ ನಿಂತರೆ ಮನೆಯ ನಾಯಿಗೆ ಗೊತ್ತಾಗುತ್ತದೆ, ನಾಯಕಿಗೆ ಮಾತ್ರ ಗೊತ್ತಾಗುವುದಿಲ್ಲ. ಕೆಲವು ಚಿತ್ರಗಳಿಗೆ ಈಗಿನವರು ಯಾರೋ ಪಿಯಾನೊ ಅಂಟಿಸಿದ್ದಾರಂತೆ. ನನ್ನ ಹೆಂಡತಿ ಹೇಳಿದಳು. ನಾನು ಸೌಂಡನ್ನು ಸೊನ್ನೆಗೆ ಇಳಿಸಿದೆ. ಕೇಳಿಸದ ಪಿಯಾನೊವನ್ನು ಯಾಕೆ ಕಡಿಮೆ ಮಾಡುತ್ತೀರಿ ಎಂದು ಅವಳು ಕೇಳಿದರೆ, ತತ್ತ್ವದ ಪ್ರಶ್ನೆ ಎಂದೆ.

ಆದರೆ ಒಂದು ಸಂಗತಿ ನನ್ನನ್ನು ಕಟ್ಟಿಹಾಕಿತು. ಮಧ್ಯೆ ಮಧ್ಯೆ ತೆರೆಯ ಮೇಲೆ ಕಪ್ಪು ಹಲಗೆ ಬಂದು, ಬಿಳಿ ಅಕ್ಷರದಲ್ಲಿ ಪಾತ್ರದ ಮಾತು ಕಾಣುತ್ತದಲ್ಲ, ಅದು ಯಾರು? ಪ್ರಾಂಪ್ಟರ್! ಜೀವಮಾನವೆಲ್ಲ ಕರ್ಟನ್ನಿನ ಧೂಳು ಕುಡಿದುಕೊಂಡು ಮರೆಯಲ್ಲಿ ಕೂತಿದ್ದ ನಮ್ಮವನನ್ನು ಆ ಚಿತ್ರ ಮಾಡಿದ ಮಹಾನುಭಾವರು ನಡುರಂಗಕ್ಕೆ ಕರೆತಂದಿದ್ದರು. ನಟನಟಿಯರನ್ನೆಲ್ಲ ಆಚೆ ಕಳಿಸಿ ಇಡೀ ತೆರೆಯನ್ನು ಅವನಿಗೇ ಬಿಟ್ಟುಕೊಟ್ಟಿದ್ದರು. ನನ್ನ ವೃತ್ತಿಗೆ ಇಂಥ ಮರ್ಯಾದೆ ಇನ್ನೆಲ್ಲೂ ಸಿಕ್ಕಿದ್ದಿಲ್ಲ. ಇಂಗ್ಲಿಷಿನಲ್ಲಿದ್ದ ಆ ಹಲಗೆಗಳಿಗೆ ನಾನು ಕೂತಲ್ಲಿಂದಲೇ ತಲೆ ಬಾಗಿಸುತ್ತಿದ್ದೆ.

ನನ್ನ ಹೆಂಡತಿಗೆ ಆ ಹಲಗೆಗಳೂ ಬೇಕಿರಲಿಲ್ಲ. ನಮ್ಮೂರಲ್ಲಿ ನಾಟಕದ ಪ್ರಾಕ್ಟೀಸು ಬಾಗಿಲು ತೆರೆದೇ ನಡೆಯುತ್ತದೆ. ಹೋಗಿ ಬರುವವರೆಲ್ಲ ನಿಂತು ಕೇಳಿ ಪ್ರದರ್ಶನದ ಹೊತ್ತಿಗೆ ಅರ್ಧ ಊರಿಗೆ ಮಾತು ಬಾಯಿಪಾಠ. ಪಾತ್ರಧಾರಿ ತಡವರಿಸಿದರೆ ನನಗಿಂತ ಮೊದಲು ಮೂರನೇ ಸಾಲಿನಿಂದ ಮಾತು ಬಂದುಬಿಡುತ್ತದೆ. ಆ ಮೂರನೇ ಸಾಲಿನ ಮುಖ್ಯ ಕಂಠ ನಮ್ಮ ಮನೆಯದೇ. ಹಾಗಾಗಿ ತೆರೆಯ ಮೇಲೆ ಯಾರಾದರೂ ಬಾಯಿ ಅಲ್ಲಾಡಿಸಿದರೆ ಸಾಕು, ಇವಳು ನನ್ನ ಬಲಗಿವಿಯ ಪಕ್ಕದಲ್ಲಿ ಮಾತು ಕೊಡುತ್ತಿದ್ದಳು. "ಲೇ, ಹಿಂದ್ಗಡೆ ನೋಡೋ, ಬಂದ್ಬಿಟ್ಟ!" "ಅಯ್ಯೋ ಮಾತಾಡೇ, ಗೂಬೆ ಥರ ನಿಂತವ್ಳೆ ನೋಡು!"

ಒಂದು ಚಿತ್ರದಲ್ಲಿ ಮಾತ್ರ ಅವಳೂ ಸೋತಳು. ಸಮುದ್ರಕ್ಕೆ ಹೋದ ಮಗ ಬಂದಿಲ್ಲ. ಮುದುಕ ಬೆಸ್ತ ಬಲೆ ಹೊಲಿಯುತ್ತ ಕೂತಿದ್ದಾನೆ. ಹೆಂಡತಿ ಊಟಕ್ಕೆ ಮೂರು ತಟ್ಟೆ ಇಟ್ಟಳು. ಮುದುಕ ಮೂರನೆಯದನ್ನು ನೋಡಿದ. ತೆಗೆದುಬಿಡಬೇಕೆಂದು ಕೈ ಚಾಚಿದ. ತೆಗೆಯಲಿಲ್ಲ, ಇನ್ನಷ್ಟು ನೆಟ್ಟಗೆ ಸರಿಸಿಟ್ಟ. ಬಾಯಿ ಬಿಚ್ಚಲಿಲ್ಲ. ಹಲಗೆಯೂ ಬರಲಿಲ್ಲ. ನಾನು ಬಲಗಿವಿ ಒಡ್ಡಿಕೊಂಡು ಕಾದೆ, ಅಲ್ಲಿಂದಲೂ ಮಾತು ಬರಲಿಲ್ಲ. ತಿರುಗಿ ನೋಡಿದರೆ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು.

ಆ ಮಧ್ಯಾಹ್ನ ನನಗೆ ಸಿಟ್ಟು ಬಂತು. ಮೂಕಿ ಎಂದು ಹೆಸರಿಟ್ಟವರು ಯಾರು? ಆ ಜನ ಬೆಳಗಿನಿಂದ ಸಂಜೆಯವರೆಗೆ ಜಗಳವಾಡುತ್ತಾರೆ, ಸಂತೈಸುತ್ತಾರೆ, ಬೈಯುತ್ತಾರೆ. ಅವರು ಮೂಕರಲ್ಲ, ನೋಡುವ ನಾವೆಲ್ಲರೂ ಕಿವುಡರು. ತನ್ನ ಕೊರತೆಯನ್ನು ಎದುರಿನವನ ಹೆಸರಿಗೆ ಖಾತೆ ಮಾಡಿಸುವ ಈ ಜಾಣತನವನ್ನು ಕಚೇರಿಯಲ್ಲಿ ಬಹಳ ಕಂಡಿದ್ದೇನೆ. ಕಿವಿ ನೆಟ್ಟಗಿದ್ದವರೂ ಒಂದು ಗಂಟೆ ನನ್ನ ಹಾಗೆ ಕೂತು ಕಣ್ಣಿನಿಂದಲೇ ಎಲ್ಲವನ್ನೂ ತಿಳಿದುಕೊಂಡು ಎದ್ದುಹೋಗುತ್ತಿದ್ದ ಕಾಲವೊಂದಿತ್ತು. ಅವರಿಗೆ ಸಾಧ್ಯವಾದದ್ದು ನನಗೆ ಯಾಕಾಗಬಾರದು? ನನ್ನ ಸ್ಟೂಲು ನನಗೆ ಬೇಕು ಎಂದು ಅಂದೇ ತೀರ್ಮಾನಿಸಿದೆ.

ಅವಕಾಶ ತಾನಾಗಿ ಬಂತು. ನನ್ನ ಜಾಗಕ್ಕೆ ಬಂದಿದ್ದ ಬ್ಯಾಂಕಿನ ಹುಡುಗನನ್ನು ಪ್ರದರ್ಶನಕ್ಕೆ ವಾರವಿರುವಾಗ ಟ್ರೈನಿಂಗಿಗೆ ಕಳಿಸಿದರು. ನಾನು ಪ್ರಾಕ್ಟೀಸಿಗೆ ಹೋಗಿ ನಿಂತೆ. ನಾಟಕ ಬರೆದವನೂ ತಂಡದ ಕಾರ್ಯದರ್ಶಿಯೂ ಒಬ್ಬನೇ. ನನಗೆ ಶಾಲು ಹೊದಿಸಿದ ಕೈಯೂ ಅದೇ.

"ಸಾರ್, ತಪ್ ತಿಳ್ಕೋಬೇಡಿ. ನಿಮ್ಗೆ ಕೇಳ್ಸಬೇಕಲ್ಲ ಸಾರ್," ಎಂದು ಕೂಗಿದ.

"ಕೇಳ್ಸೋದ್ ಬ್ಯಾಡ ಕಣಯ್ಯಾ, ಕಾಣ್ಸಿದ್ರೆ ಸಾಕು. ತುಟಿ ನೋಡ್ಕೊಂಡು ಪುಸ್ತಕದಲ್ಲಿ ಬೆರಳು ಸರಿಸ್ತೀನಿ. ಪರೀಕ್ಷೆ ಮಾಡಿ ಬೇಕಾದ್ರೆ."

ಮಾಡಿದರು. ಪಾತ್ರಗಳು ಒಂದೊಂದಾಗಿ ಬಂದು ಮಾತಾಡಿದವು, ಬೇಕೆಂದೇ ನಿಲ್ಲಿಸಿದವು, ನಾನು ಸರಿಯಾದ ಜಾಗದಲ್ಲಿ ಮಾತು ಕೊಟ್ಟೆ. ಕಾರ್ಯದರ್ಶಿಯ ಮುಖ ಮೆತ್ತಗಾಯಿತು. ಆಮೇಲೆ ನಾಯಕ ಬಂದ. ಸಖರಾಯಪಟ್ಟಣದ ಕಡೆಯ ತೆಂಗಿನಕಾಯಿ ವ್ಯಾಪಾರಿ, ಊರಗೌಡನ ಪಾತ್ರ, ತಂಡದಲ್ಲಿ ಅತಿ ಹೆಚ್ಚು ಮರೆಯುವವನು. ಮೂಗಿನಿಂದ ಗಲ್ಲದ ಹತ್ತಿರದವರೆಗೆ ಅಪ್ಪಟ ಸ್ವಂತ ಮೀಸೆ. ಅದರ ಹಿಂದೆ ತುಟಿ ಇದೆಯೆಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಅವನು ಮಾತಾಡಿದ, ಪೊದೆ ಅಲುಗಿತು, ನನ್ನ ಬೆರಳು ಪುಸ್ತಕದಲ್ಲಿ ದಾರಿ ತಪ್ಪಿತು.

"ಇವರ ಮೀಸೆ ಅಂಚು ಕತ್ತರಿಸ್ಬೇಕಾಗ್ತದೆ," ಎಂದೆ.

"ಏನ್ ಸಾರ್! ನಿಮ್ ಕಿವಿ ಕೆಟ್ರೆ ನನ್ ಮೀಸೆ ಬೋಳಿಸ್ಬೇಕಾ? ಇದ್ಯಾವೂರ ನ್ಯಾಯ?"

"ಬೋಳ್ಸೋದಲ್ಲಪ್ಪಾ, ಮೇಲ್ತುಟಿ ಕಾಣೋ ಅಷ್ಟು."

"ಮದ್ವೇಲೂ ತೆಗ್ದಿಲ್ಲ ಸಾರ್ ಇದ್ನ. ನಮ್ಮನೆಯೋಳೇ ನನ್ ಮೇಲ್ತುಟಿ ನೋಡಿಲ್ಲ ಇನ್ನೂವೆ, ನಿಮ್ಗೆ ತೋರಿಸ್ಲಾ?"

ಮೀಸೆಯ ಮೇಲೆ ಅಂದೇ ಸಭೆ ಸೇರಿತು. ಪರ ವಿರೋಧ ಮಾತುಗಳಾದವು. ಮೀಸೆ ಬಹುಮತದಿಂದ ಉಳಿಯಿತು. ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದು, "ಈ ಸಲ ಕೂತ್ಕೊಳಿ ಸಾರ್, ಬೇರೆ ದಾರಿ ಇಲ್ಲ. ಆದ್ರೆ ಏನಾರ ಎಡವಟ್ಟಾದ್ರೆ ಮತ್ತೆ ಈ ಸ್ಟೂಲ್ ಮಾತೆತ್ಬಾರ್ದು," ಎಂದ. ಒಪ್ಪಿದೆ.

ವಾರವೆಲ್ಲ ವ್ಯಾಪಾರಿಯ ಮುಖ ಬಿಟ್ಟು ಮೈಯನ್ನು ಅಭ್ಯಾಸ ಮಾಡಿದೆ. ಮರೆತಾಗ ಅವನ ಮೈಯೆಲ್ಲ ಸತ್ತುಹೋಗಿ ಕಣ್ಣೊಂದೇ ಬದುಕಿರುತ್ತದೆ. ಆ ಕಣ್ಣು ಕಳ್ಳನ ಹಾಗೆ ವಿಂಗಿನ ಕಡೆ ಹೊರಳುತ್ತದೆ. ಅದು ಹೊರಳಿದರೆ ಮಾತು ಕೊಡುವುದು, ಇಲ್ಲದಿದ್ದರೆ ಸುಮ್ಮನಿರುವುದು. ಇದು ನನ್ನ ಸಿದ್ಧಾಂತ.

ಪ್ರದರ್ಶನದ ಸಂಜೆ ಎರಡು ಅಂಕ ನಿರ್ವಿಘ್ನವಾಗಿ ದಾಟಿದವು. ಮೂರನೆಯದರಲ್ಲಿ, ಗೌಡ ಮನೆಯಿಂದ ಹೊರಹಾಕಿದ್ದ ತಮ್ಮ ಎಷ್ಟೋ ವರ್ಷದ ಮೇಲೆ ಬಂದು ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳುತ್ತಾನೆ. ಗೌಡ ಚೊಂಬು ಹಿಡಿದುಕೊಂಡು ವಂಶದ ಕೀರ್ತಿ, ಮಣ್ಣಿನ ಋಣ, ರಕ್ತಸಂಬಂಧದ ಸ್ವರೂಪ ಇವುಗಳ ಬಗ್ಗೆ ಒಂದು ಪುಟ ಮಾತಾಡಿ, ಕೊನೆಯಲ್ಲಿ "ಕುಡಿದು ಹೊರಡು" ಎನ್ನಬೇಕು. ಆ ಪುಟ ಕಾರ್ಯದರ್ಶಿಯ ಪ್ರಾಣ.

ತಮ್ಮ ನೀರು ಕೇಳಿದ. ಗೌಡ ಚೊಂಬು ಹಿಡಿದುಕೊಂಡ. ಮೀಸೆ ಅಲುಗಲಿಲ್ಲ.

ನನ್ನ ಬೆರಳು ಪುಟದ ಮೊದಲ ಪದದ ಮೇಲಿತ್ತು. ಕಾರ್ಯದರ್ಶಿ ಓಡಿಬಂದು ನನ್ನ ಮುಂದೆ ಕುಕ್ಕರಿಸಿದ. ಅವನಿಗೆ ಮೀಸೆಯಿಲ್ಲ, ತುಟಿ ಸ್ಪಷ್ಟವಾಗಿ ಓದಿಸಿತು: ಕೊಡಿ ಸಾರ್, ಕೊಡಿ, ಕೊಡಿ! ನಾನು ಅವನ ತಲೆಯ ಮೇಲಿಂದ ಗೌಡನನ್ನೇ ನೋಡಿದೆ. ಕಣ್ಣು ವಿಂಗಿನ ಕಡೆ ಬರಲೇ ಇಲ್ಲ. ಚೊಂಬಿನ ಮೇಲೆಯೇ ನೆಟ್ಟಿತ್ತು. ಚೊಂಬು ವಾಲಿ ಅಂಚಿನಿಂದ ನೀರು ಚೆಲ್ಲಿತು. ಹೆಬ್ಬೆರಳು ಆ ಅಂಚನ್ನು ಒಮ್ಮೆ ಒರೆಸಿತು. ಮೂರನೇ ತಟ್ಟೆಯನ್ನು ಸರಿಸಿಟ್ಟ ಕೈ ನನಗೆ ನೆನಪಾಯಿತು. ಇವನು ಮರೆತಿಲ್ಲ ಎಂದುಕೊಂಡೆ. ಪುಸ್ತಕ ಮುಚ್ಚಿದೆ. ಕಾರ್ಯದರ್ಶಿ ಅದನ್ನು ಕಿತ್ತುಕೊಳ್ಳಲು ಬಂದ. ಅದರ ಮೇಲೆಯೇ ಕೂತೆ.

ಆಮೇಲೆ ಮೀಸೆ ಒಂದೇ ಸಲ ಅಲುಗಿತು. ಚೊಂಬು ತೆಗೆದುಕೊಂಡು ತಮ್ಮ ಗಟಗಟ ಕುಡಿದು, ಹೊರಟುಹೋದ. ಪರದೆ ಬಿತ್ತು. ಚಪ್ಪಾಳೆ ಕೇಳಿಸಲಿಲ್ಲ, ನನ್ನ ಸ್ಟೂಲಿನ ಕಾಲುಗಳಲ್ಲಿ ನಡುಕವಾಗಿ ಹತ್ತಿಬಂತು.

"ಒಂದ್ ಪುಟ ಸಾರ್! ಒಂದ್ ಪುಟಾನೇ ನುಂಗಿಬಿಟ್ರಲ್ಲ ಇಬ್ರೂ ಸೇರ್ಕೊಂಡು!" ಕಾರ್ಯದರ್ಶಿ ಅಳುವುದೊಂದು ಬಾಕಿ. ಗೌಡನ ವೇಷ ಕಳಚದೆಯೇ ವ್ಯಾಪಾರಿ ಬಂದ. ನಾನು ಅವನ ಭುಜ ತಟ್ಟಿ, ಆ ಮೌನ ಹೇಗೆ ಹೊಳೆಯಿತು ಎಂದು ಕೇಳಿದೆ.

"ಯಾವ್ ಮೌನ ಸಾರ್? ಪೂರಾ ಮರ್ತೋಗಿತ್ತು ನಂಗೆ! ಕೊನೇ ಮಾತೊಂದು ಸಿಗ್ತು, ಅದ್ನೇ ಹೇಳ್ಬಿಟ್ಟೆ."

"ಮರ್ತಿದ್ರೆ ನನ್ ಕಡೆ ಯಾಕಯ್ಯಾ ನೋಡ್ಲಿಲ್ಲ?"

"ಮೀಸೆ ಸಿಟ್ಟಲ್ಲಿ ನೀವ್ ಕೊಡಲ್ಲ ಅಂದ್ಕೊಂಡೆ ಸಾರ್. ನೋಡಿ ಏನ್ ಪ್ರಯೋಜ್ನ ಅಂತ ಚೊಂಬೇ ನೋಡ್ಕೊಂಡ್ ನಿಂತೆ."

ಕಾರ್ಯದರ್ಶಿ ವಿಜಯದ ನಗೆ ನಕ್ಕ. ನೋಡಿದಿರಾ ಸಾರ್, ಅವನು ಮರೆತದ್ದೇ ನಿಮಗೆ ಗೊತ್ತಾಗಲಿಲ್ಲ ಎಂದು ಇಡೀ ತಂಡಕ್ಕೆ ಕೇಳುವಂತೆ ಸಾರಿದ. ನಿಜ, ಗೊತ್ತಾಗಲಿಲ್ಲ. ಆದರೂ ನಾನು ಒಂದಿಂಚು ಹಿಂದೆ ಸರಿಯಲಿಲ್ಲ, ಈಗಲೂ ಸರಿಯುವುದಿಲ್ಲ. ಮರೆತದ್ದು ಅವನ ತಲೆ. ಅವನ ಕೈಗೆ, ಹೆಬ್ಬೆರಳಿಗೆ, ಚೊಂಬಿಗೆ ಪಾತ್ರ ನೆನಪಿತ್ತು. ನಾನು ನಂಬಿದ್ದು ಅವುಗಳನ್ನು. ಆ ಪುಟ ಚೆನ್ನಾಗಿ ಬರೆದದ್ದೇ. ಆದರೆ ಅದು ಅಲ್ಲಿಗೆ ಬೇಕಾಗಿರಲಿಲ್ಲ. ಇದನ್ನು ಕಾರ್ಯದರ್ಶಿಗೆ ಮುಖಕ್ಕೇ ಹೇಳಿದೆ.

ಮನೆಗೆ ಬರುವಾಗ ಹೆಂಡತಿಯನ್ನು ಕೇಳಿದೆ: "ನಿಂಗೆ ಆ ಪುಟ ಪೂರ್ತಿ ಬಾಯಿಗ್ ಬತ್ತದೆ. ಮೂರ್ನೇ ಸಾಲಲ್ಲೇ ಕೂತಿದ್ದೆ. ಯಾಕೆ ಕೊಡ್ಲಿಲ್ಲ?"

ಬಲಗಿವಿಯ ಹತ್ತಿರ ಬಂದು ಹೇಳಿದಳು: "ಕೊಡೋ ಹಂಗಿರ್ಲಿಲ್ಲ ಕಣ್ರೀ."

ಮುಂದಿನ ಪ್ರದರ್ಶನ ತರೀಕೆರೆಯಲ್ಲಿ. ಬ್ಯಾಂಕಿನ ಹುಡುಗ ವಾಪಸು ಬಂದಿದ್ದಾನಂತೆ. ಆ ಪುಟವನ್ನು ಬಿಡಲೇಬಾರದೆಂದು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರಂತೆ. ನಿನ್ನೆ ಕಾರ್ಯದರ್ಶಿ ನಮ್ಮ ಬೀದಿಯಲ್ಲಿ ಕಂಡ. ಕಂಕುಳಲ್ಲಿದ್ದ ಪೊಟ್ಟಣ ನೋಡಿದರೆ ಶಾಲಿನ ಹಾಗೇ ಇತ್ತು. ಬಾಗಿಲು ಹಾಕಿಕೊಂಡೆ. ವ್ಯಾಪಾರಿ ಮಾತ್ರ, ಮೀಸೆ ತಿರುವಿ, ಸಾರ್ ವಿಂಗಲ್ಲಿ ಕೂರದಿದ್ದರೆ ತಾನು ಬಣ್ಣ ಹಚ್ಚುವುದಿಲ್ಲ ಎಂದಿದ್ದಾನೆಂದು ಸುದ್ದಿ. ಅದನ್ನು ನಂಬಿಕೊಂಡು ನಾನು ಕೂತಿಲ್ಲ.

ನಾನು ಕೂತಿರುವುದು ಸ್ಟೂಲಿನ ಮೇಲೆ. ಅಂದು ನಾಟಕ ಮುಗಿದು ಎಲ್ಲರೂ ವಾದ ಮಾಡುತ್ತಿದ್ದಾಗ ಅದನ್ನು ಎತ್ತಿಕೊಂಡು ಮನೆಗೆ ಬಂದುಬಿಟ್ಟೆ. ಹೋದ ವರ್ಷದ ಶಾಲನ್ನು ನಾಲ್ಕು ಮಡಿಕೆ ಮಾಡಿ ಮೇಲೆ ಹಾಕಿದರೆ ಮೂಕಿ ಚಿತ್ರ ನೋಡಲು ಅದಕ್ಕಿಂತ ಒಳ್ಳೆಯ ಆಸನವಿಲ್ಲ. ಸ್ಟೂಲು ಬೇಕಾದವರು ಬಂದು ಬಾಗಿಲಲ್ಲಿ ನಿಂತು ಕೂಗಲಿ. ಮೆಲ್ಲಗೆ ಹೇಳಿದರೆ ನನಗೆ ಕೇಳಿಸುವುದಿಲ್ಲ.