ಎದುರು ತಿರುಗಿದ ಮುಳ್ಳು

ಲೆಬರೆಖ್ಟ್ ಕ್ನಾಪ್ ಮೇಷ್ಟ್ರು ತಪ್ಪು ಮಾಡುವ ಪೈಕಿಯವರಲ್ಲ. ಝಾಲೆ ನದಿಯ ದಂಡೆಯ ಆ ಊರಿನಲ್ಲಿ ತಪ್ಪುಗಳೆಲ್ಲ ಬೇರೆಯವರದೇ. ಮೇಷ್ಟ್ರು ಹುಡುಕಿ ಕೊಡುತ್ತಿದ್ದರು, ಅಷ್ಟೆ.

ಮನೆಯ ನೆಲಮಾಳಿಗೆಯೇ ಅವರ ಪ್ರಯೋಗಶಾಲೆ. ಆಮ್ಲ ಬೆರೆತ ನೀರಿನಲ್ಲಿ ಎರಡು ಪ್ಲಾಟಿನಂ ತಗಡು ಮುಳುಗಿಸಿ ಬ್ಯಾಟರಿಗೆ ಜೋಡಿಸುವರು. ವಿದ್ಯುತ್ತು ಹರಿದಷ್ಟೂ ಅಳತೆಯ ಮುಳ್ಳು ವಾಲಬೇಕು. ಅದು ಮೊದಲು ಜೋರಾಗಿ ವಾಲಿ, ಆಮೇಲೆ ಹೊಸ ಅಳಿಯನ ಮರ್ಯಾದೆಯಂತೆ ಇಳಿಯುತ್ತ ಬರುತ್ತಿತ್ತು. ಔಷಧದಂಗಡಿಯ ಟ್ರೌಗೋಟ್ ತಾನು ಮಾರಿದ ಆಮ್ಲಕ್ಕೆ ನೀರು ಬೆರೆಸಿದ್ದಾನೆ ಎಂದರು ಮೇಷ್ಟ್ರು. ಆಮೇಲೆ ಮೂಲೆಯಲ್ಲಿದ್ದ ಹುಳಿ ಎಲೆಕೋಸಿನ ಜಾಡಿಯ ಮೇಲೆ ಕಣ್ಣು ಬಿತ್ತು.

"ಕೋಸು ಏನ್ರೀ ಮಾಡತ್ತೆ ನಿಮ್ ಮುಳ್ಳಿಗೆ?" ಎಂದಳು ಹೆಂಡತಿ ಒಟೀಲಿ.

"ಆ ವಾಸನೆಗೆ ನಾನೇ ಬಿದ್ದುಹೋಗ್ತೀನಿ, ಮುಳ್ಳು ಯಾವ ಲೆಕ್ಕ!"

ಜಾಡಿ ಮೇಲೆ ಹೋಯಿತು. ಮುಳ್ಳು ಮಾತ್ರ ಇಳಿಯುತ್ತಲೇ ಇತ್ತು.

ಕೊನೆಗೆ ಟ್ರೌಗೋಟನ ಕಳ್ಳಾಟವನ್ನು ವಿಜ್ಞಾನ ಸಂಘದೆದುರು ಬಯಲಿಗೆಳೆಯಲು ಹೊರಟರು. ಬಿಯರು ಉಚಿತವಾದ್ದರಿಂದ ವಿಜ್ಞಾನಪ್ರೇಮಿಗಳು ಕಿಕ್ಕಿರಿದಿದ್ದರು, ಟ್ರೌಗೋಟನೂ ಬಂದಿದ್ದ. ಮುಳ್ಳು ಇಳಿದಾಗ ಮೇಷ್ಟ್ರು ಬ್ಯಾಟರಿಯನ್ನೇ ತೆಗೆದು, ತಗಡುಗಳ ತಂತಿಯನ್ನು ನೇರವಾಗಿ ಮುಳ್ಳಿನ ಪೆಟ್ಟಿಗೆಗೆ ಸಿಕ್ಕಿಸಿದರು.

"ಈಗ ನೋಡಿ, ಈ ಆಮ್ಲದಲ್ಲಿ ಸತ್ವವೇ ಇಲ್ಲ, ಮುಳ್ಳು ಸತ್ತ ಹಾಗೆ ಬಿದ್ದಿರತ್ತೆ."

ಮುಳ್ಳು ಎದುರು ದಿಕ್ಕಿಗೆ ಜಿಗಿಯಿತು.

"ಮುಳ್ಳೂ ನಿಮ್ ಮಾತು ಕೇಳಲ್ವಲ್ಲ ಮೇಷ್ಟ್ರೇ! ಇದಕ್ಕೂ ನಾನೇ ನೀರು ಬೆರೆಸಿದ್ನಾ?" ಎಂದ ಟ್ರೌಗೋಟ್. ಸಭೆ ಬಿದ್ದು ಬಿದ್ದು ನಕ್ಕಿತು.

ಮೇಷ್ಟ್ರು ಸಿಟ್ಟಿನಿಂದ ತಗಡುಗಳನ್ನು ಹೊರಗೆಳೆದು, ಅಂಟಿದ್ದ ಗುಳ್ಳೆಗಳನ್ನು ಅಂಗಿಯ ತೋಳಿಗೇ ಒರೆಸಿ, ಮತ್ತೆ ಮುಳುಗಿಸಿ ಬ್ಯಾಟರಿ ಜೋಡಿಸಿದರು. ಮುಳ್ಳು ಮೊದಲಿನಷ್ಟೇ ಜೋರಾಗಿ ವಾಲಿತು! ಆಗ ಅವರಿಗೆ ಹೊಳೆಯಿತು. ಆಮ್ಲವೂ ಅಲ್ಲ, ಕೋಸೂ ಅಲ್ಲ. ತಗಡಿಗಂಟಿದ ಅನಿಲವೇ ಇನ್ನೊಂದು ಬ್ಯಾಟರಿಯಾಗಿ ಮೊದಲನೆಯದನ್ನು ಹಿಂದಕ್ಕೆ ನೂಕುತ್ತಿತ್ತು.

"ನಾನು ತೋರಿಸಬೇಕು ಅಂತಿದ್ದದ್ದೂ ಇದನ್ನೇ," ಎಂದರು ಮೇಷ್ಟ್ರು, ಕಣ್ಣು ಮಿಟುಕಿಸದೆ.

ಆ ಕೀರ್ತಿ ವಾರವೂ ಬಾಳಲಿಲ್ಲ. ಫ್ರಾನ್ಸಿನಲ್ಲಿ ಯಾರೋ ಇದನ್ನು ಮೂವತ್ತು ವರ್ಷ ಹಿಂದೆಯೇ ಕಂಡಿದ್ದರೆಂದು ಸಂಘದ ಕಾರ್ಯದರ್ಶಿ ಹಳೆಯ ಪತ್ರಿಕೆ ಹಿಡಿದು ಓಡೋಡಿ ಬಂದ. ಇಂಥ ಸುದ್ದಿಗೆ ಅವನ ಎಂದಿನ ಕಾಲುನೋವು ಅಡ್ಡಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರು ಸುಮ್ಮನೆ ನೆಲಮಾಳಿಗೆಗಿಳಿದು, ಪ್ಲಾಟಿನಂ ಬದಲು ಸೀಸದ ತಗಡು ಹಾಕಿದರು. ಸ್ವಲ್ಪ ಹೊತ್ತು ಬ್ಯಾಟರಿ ಜೋಡಿಸಿ ತೆಗೆದ ಮೇಲೆ ಮುಳ್ಳು ಎದುರು ತಿರುಗಿತು, ಬಹಳ ಹೊತ್ತು ಹಾಗೇ ನಿಂತಿತು.

"ಒಟೀಲೀ, ಬಾರೇ ಇಲ್ಲಿ! ಇಳೀತಾನೇ ಇಲ್ಲ!"

"ಸಂಘಕ್ಕೆ ಹೇಳಲ್ವೇ?" ಎಂದಳು ಅವಳು, ಬಗ್ಗಿ ನೋಡುತ್ತ.

"ಇದೂ ಹಳೇದೇ ಇರತ್ತೆ, ಬಿಡು."

ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಆ ಸೀಸದ ಬ್ಯಾಟರಿ ಆಗಿನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.